ಬ್ಯಾಟರಿ ತುಂಬೇ ಇರಬೇಕು ಅಂದಿದ್ದೆ

ಅಲ್ಲ ತಮಾ, ನೀ ಯಾಕೆ ನಗೂದು? ಚಾರ್ಜು ನೂರಕ್ಕೆ ಎಂಬತ್ತಕ್ಕೇ ನಿಲ್ಲಿಸಿದ್ರೆ ಬ್ಯಾಟರಿಗೆ ಅರೆಹೊಟ್ಟೆ ಊಟ ಹಾಕಿದ ಹಾಗಲ್ವಾ? ನಾ ತಾಂಡೇಲ ಆಗಿ ದೋಣಿ ನಡೆಸಿದವ. ದೋಣಿ ಬ್ಯಾಟರಿ ಒಮ್ಮೆ ಪೂರ್ತಿ ಇಳೀತು ಅಂದ್ರೆ ಮುಗೀತು, ಎಂಜಿನ್ ಎತ್ತೂದಿಲ್ಲ, ಸಮುದ್ರದ ನಡುವೆ ಕೂತು ದೇವರನ್ನ ಕರೀಬೇಕು. ಅದಕ್ಕೇ ಯಾವಾಗಲೂ ತುಂಬೇ ಇಡೂದು. ಮಗ ರೋಷನನ ಲ್ಯಾಪ್‌ಟಾಪಿಗೂ ಅದನ್ನೇ ಹೇಳ್ದೆ. ನಿನ್ನ ಅಂಗಡೀಲೇ ತಕೊಂಡದ್ದಲ್ವಾ ಅದು? ತಂದ ದಿನದಿಂದ ವೈರ್ ತೆಗೆದದ್ದಿಲ್ಲ. ರೋಷನ ಮರೆತು ತೆಗೆದ್ರೆ ನಾನೇ ಹೋಗಿ ಮತ್ತೆ ಸಿಕ್ಕಿಸ್ತಿದ್ದೆ.

ಬಿಸಿಯಾ? ಆಗ್ತಿತ್ತು. ಆಗೂದಿಲ್ಲ ಅಂತ ನಾ ಹೇಳೂದಿಲ್ಲ. ಎಂಜಿನ್ ಬಿಸಿ ಆಗೂದಿಲ್ವಾ, ಹಾಗೇ ಅಂತ ಬಿಟ್ಟೆ.

ನೀ ಆ ಫೋನಿನ ರಿಪೇರಿ ಮೊದಲು ಮುಗಿಸು, ನಾ ಕಾಯ್ತೆ... ಬೇಡ, ಬೇಡ. ಮೊದಲು ನಂದು ಕೇಳು ಸುಮಿತ್.

ಲ್ಯಾಪ್‌ಟಾಪು ಉಬ್ಬಿದೆ. ಸ್ವಲ್ಪ... ಸ್ವಲ್ಪ ಅಲ್ಲ. ಬೆರಳು ಉಜ್ಜುತಾರಲ್ಲ, ಆ ಚೌಕ, ಅದು ಮೇಲೆ ಎದ್ದದೆ. ಮುಚ್ಚಳ ಕೂರೂದಿಲ್ಲ. ಉಪ್ಪುಗಾಳಿಗೆ ಥಂಡಿ ಹಿಡಿದದೆ ಅಂದ್ಕೊಂಡೆ. ದೋಣಿ ಹಲಗೆ ನೀರು ಕುಡಿದು ಉಬ್ಬೂದಿಲ್ವಾ? ಉಬ್ಬಿದ್ರೇ ಸಂದು ಮುಚ್ಚೂದು, ಅದು ಒಳ್ಳೇದು. ಹಾಗಾಗಿ ಒತ್ತಿ ಮುಚ್ಚಿ, ಬಲೆ ಹುರಿಯಿಂದ ಬಿಗಿದು ಕಟ್ಟಿದೆ.

ಯಾಕೆ ಸ್ಕ್ರೂಡ್ರೈವರ್ ಕೆಳಗಿಟ್ಟೆ? ಒತ್ತಬಾರದಿತ್ತಾ? ನಂಗೆ ಯಾರು ಹೇಳಿದ್ರು ಹಾಗಂತ?

ಇವತ್ತು ಬೆಳಿಗ್ಗೆ ಅಂಕೋಲೆ ಬಸ್‌ಸ್ಟ್ಯಾಂಡಲ್ಲಿ ಚಾ ಕುಡೀತಿದ್ದೆ. ಶೆಟಗೇರಿಯ ಬೊಮ್ಮು ಸಿಕ್ಕಿದ. ಅವನ ಅಳಿಯನ ಫೋನು ಹೀಗೇ ಉಬ್ಬಿ, ಚಾರ್ಜಿಗೆ ಇದ್ದಾಗಲೇ ಹೊತ್ತಿಕೊಂಡ್ತಂತೆ. ಹಾಸಿಗೆ ಸುಟ್ಟು, ಅಳಿಯನ ಕೈಯೂ ಸುಟ್ಟಿತಂತೆ. ಚಾ ಅರ್ಧಕ್ಕೇ ಬಿಟ್ಟು ಕಾರವಾರ ಬಸ್ ಹತ್ತಿದೆ. ಹೆದರಿಕೆ ಆಗ್ತದೆ ತಮಾ. ತುಫಾನಿಗೂ ಹೀಗೆ ಹೆದರಿದವ ಅಲ್ಲ ನಾನು.

ಎಲ್ಲಿ ಅದೆ ಅಂದ್ರೆ... ಕೇಣಿಯಲ್ಲಿ, ಮನೇಲಿ. ಮೇಜಿನ ಮೇಲೆ. ಹೊತ್ತು ತರಲಿಕ್ಕೆ ಧೈರ್ಯ ಆಗಲಿಲ್ಲ, ಕೈ ಬೀಸ್ಕೊಂಡು ಬಂದೆ. ಹತ್ರ ಯಾರೂ ಇಲ್ಲ. ರೋಷನ ದೋಣಿ ತಕೊಂಡು ಹೋಗಿದಾನೆ, ಜೊತೆಗೆ ಕೆಲಸಕ್ಕೆ ಬೀರಾ ಇದಾನೆ. ಅಲ್ಲಿ ನೆಟ್‌ವರ್ಕ್ ಇಲ್ಲ, ಇಲ್ದಿದ್ರೆ ಅವನಿಗೇ ಕೇಳ್ತಿದ್ದೆ.

ವೈರ್? ತೆಗೆದದೆ. ಅಂದ್ರೆ, ತೆಗೆದಿರಬೇಕು... ಹೌದು, ನಾನೇ ತೆಗೆದೆ. ಯಾಕೆ ಹಾಗೆ ನೋಡ್ತಿ?

ಇನ್ನೊಂದು ಮಾತು. ಸುಮ್ಮನೆ ಕೇಳೂದು, ಹಾಂ. ಮನೆ ಕರೆಂಟು ಬಿಟ್ಟು ಇನ್ವರ್ಟರಿಗೆ ಹಾಕಿದ್ರೆ? ಸಣ್ಣ ಜಾಗ, ಗಾಳಿ ಆಡೂದಿಲ್ಲ, ಕೆಳಗೇ ಎಂಜಿನ್ನಿನ ಕಾವು, ಮೂಲೇಲಿ ಅಡುಗೆ ಗ್ಯಾಸು... ಅಂಥಲ್ಲಿ ಇಟ್ರೆ?

ಸುಮ್ಮನೆ ಕೇಳಿದೆ ಅಂದೆನಲ್ಲ.

ಇಷ್ಟೊತ್ತು ನೀ ಪೂರ್ತಿ ತುಂಬಿಸಬೇಡ, ಬಿಸಿ ಆಗಲಿಕ್ಕೆ ಬಿಡಬೇಡ, ಆಗಾಗ ವೈರ್ ತೆಗೆದು ಇಳಿಸು ಅಂತ ಪಾಠ ಹೇಳಿದೆ. ಈಗ ಏನೂ ಆಗೂದಿಲ್ಲ ಕಾಕಾ ಅಂತ ಒಂದು ಮಾತು ಹೇಳು. ಸುಳ್ಳಾದ್ರೂ ಅಡ್ಡಿಲ್ಲ... ಹೇಳೂದಿಲ್ಲ ನೀನು.

ಮನೇಲಿ ಇಲ್ಲ ತಮಾ. ದೋಣೀಲಿ ಅದೆ.

ಪರೀಕ್ಷೆ ಹತ್ರ ಬಂತು, ಪಾಠದ ವಿಡಿಯೋ ನೋಡಬೇಕು ಅಂತ ತಕೊಂಡು ಹೋದ. ಹುರಿ ಯಾಕೆ ಅಪ್ಪಾ ಅಂತ ಕೇಳಿದ. ಥಂಡಿ ಹಿಡಿದದೆ, ನೋಡಿ ಆದ ಮೇಲೆ ಮತ್ತೆ ಬಿಗಿದು ಕಟ್ಟು, ಕ್ಯಾಬಿನ್ನಿನ ಇನ್ವರ್ಟರಿಗೆ ಹಾಕೇ ಇಡು, ವೈರ್ ಮಾತ್ರ ತೆಗೀಬೇಡ ಅಂತ ನಾನೇ ಹೇಳಿ ಕಳಿಸಿದೆ. ತೆಗೀಲಿಕ್ಕಿಲ್ಲ ಅಂವ. ನನ್ನ ಮಾತು ಮೀರಿದವನೇ ಅಲ್ಲ. ಮಧ್ಯಾಹ್ನ ಊಟ ಆದ ಮೇಲೆ ಅದೇ ಕ್ಯಾಬಿನ್ನಲ್ಲಿ ಮಲಗ್ತಾನೆ.

ಗೊತ್ತದೆ, ನಾ ಬಂದರಿಗೆ ಓಡಬೇಕಿತ್ತು. ಯಾರದ್ದಾದ್ರೂ ದೋಣಿ ಹತ್ತಿ ಹೋಗಬೇಕಿತ್ತು. ಹೆದರಬೇಡ ಅಂತ ನೀ ಹೇಳ್ತಿ, ಆಮೇಲೆ ಹೋದ್ರಾಯ್ತು ಅಂತ ಇಲ್ಲಿಗೆ ಬಂದೆ.

ಫೋನ್ ಯಾಕೆ ತೆಗೀತಿ? ಅವನ ನಂಬರಾ? ಬೇಡ... ಕೈ ಚಾಚಬೇಡ ಮಾರಾಯಾ, ಹೇಳ್ತೆ. ನೆಟ್‌ವರ್ಕ್ ಇಲ್ಲ ಅಂದದ್ದೂ ಸುಳ್ಳು. ಕೂರ್ಮಗಡ ದ್ವೀಪದ ಆಚೆಗೇ ಬಲೆ ಬಿಡೂದು ಅವರು, ಅಲ್ಲಿಗೆ ಫೋನು ಹೋಗ್ತದೆ. ಚಾ ಅಂಗಡಿಯಿಂದ ಮಾಡ್ದೆ, ಬಸ್ಸಲ್ಲಿ ಮಾಡ್ದೆ, ನಿನ್ನ ಮೆಟ್ಟಿಲ ಮೇಲೆ ನಿಂತು ಮಾಡ್ದೆ. ಬೀರಾನಿಗೂ ಮಾಡ್ದೆ.

ಎರಡೂ ರಿಂಗ್ ಆಗ್ತದೆ ತಮಾ. ಯಾರೂ ಎತ್ತೂದಿಲ್ಲ.