ಮೂವತ್ತೇಳು ಫ್ಲಾಪಿಗಳು

ಅಧ್ಯಕ್ಷರಾದ ಮಂಜುನಾಥ ಅವರೇ, ಕಾರ್ಯದರ್ಶಿಗಳಾದ ಭೋಜರಾಜ ಅವರೇ, ಅಣ್ಣಾ ನಗರದಿಂದ ಈ ಪೆರಂಬೂರಿನ ತನಕ ಬಸ್ಸಿನಲ್ಲಿ ನಿಂತೇ ಬಂದಿರುವ ಸಂಘದ ಹಿರಿಯರೇ, ಫ್ಯಾನಿನ ಕೆಳಗೆ ಜಾಗ ಸಿಕ್ಕಿರುವ ಹಾಗೂ ಸಿಗದಿರುವ ಸಭಿಕರೇ,

ರಾಜ್ಯೋತ್ಸವದ ಈ ಸಂಜೆ ನನಗೆ ಶಾಲು ಹೊದಿಸಿದ್ದೀರಿ. ಚೆನ್ನೈಯಲ್ಲಿ ಶಾಲು ಹೊದ್ದವನು ಬೆವರಿದರೆ ಯಾರೂ ಕಾರಣ ಕೇಳುವುದಿಲ್ಲ. ಅದೊಂದು ಅನುಕೂಲ.

ಒಂಬತ್ತನೆಯ ತರಗತಿಗೆ ನಾನು ರೂಪಿಸಿದ ಕಂಪ್ಯೂಟರ್ ಪಾಠ ಈ ವರ್ಷದ ಮಾದರಿ ಪಾಠವೆಂದು ಆಯ್ಕೆಯಾಗಿದೆ. ಆಹ್ವಾನ ಪತ್ರಿಕೆಯಲ್ಲಿ ಹಾಗೆ ಅಚ್ಚಾಗಿದೆ. ಈ ಸಭೆ ಮುಗಿದ ಮೇಲೆ, ಊಟಕ್ಕೆ ಮುಂಚೆ, ಕಾರ್ಯಕಾರಿ ಸಮಿತಿ ಹತ್ತು ನಿಮಿಷ ಸೇರಲಿದೆ. ಸಂಘ ನಡೆಸುವ ನಮ್ಮ ಶಾಲೆಯ ತಾತ್ಕಾಲಿಕ ಕಂಪ್ಯೂಟರ್ ಶಿಕ್ಷಕಿ ಶ್ರೀವಿದ್ಯಾ ಅವರನ್ನು ಈ ತಿಂಗಳ ಕೊನೆಗೆ ಕೆಲಸದಿಂದ ತೆಗೆಯುವ ವಿಷಯ ಅಲ್ಲಿ ಅಂತಿಮವಾಗುತ್ತದೆ. ಇದು ಆಹ್ವಾನ ಪತ್ರಿಕೆಯಲ್ಲಿಲ್ಲ.

ಮೊದಲು ಪಾಠದ ಬಗ್ಗೆ ಹೇಳುತ್ತೇನೆ. ಅದಕ್ಕೇ ತಾನೆ ಕರೆದದ್ದು?

ನಾನು ಗಣಿತದ ಮೇಷ್ಟ್ರು. ಶಾಲೆಗೆ ಆರು ಕಂಪ್ಯೂಟರು ಬಂದಾಗ ಎರಡು ವಾರದ ತರಬೇತಿಗೆ ನನ್ನನ್ನು ಕಳಿಸಿದರು. ಹಿಂತಿರುಗಿ ಬಂದು ಮೂರು ವರ್ಷ ಕಲಿಸಿದೆ. ಹೇಗೆ ಕಲಿಸಿದೆ? ಮಕ್ಕಳು ಚಪ್ಪಲಿ ಹೊರಗೆ ಬಿಟ್ಟು ಬರುತ್ತಿದ್ದರು. ನಾನು ಕೀಲಿಗಳನ್ನು ಒತ್ತುತ್ತಿದ್ದೆ; ಅವರು ನೋಡುತ್ತಿದ್ದರು. ಆಮೇಲೆ ಫ್ಲಾಪಿಯ ಚಿತ್ರ ಬರೆದು ಭಾಗಗಳನ್ನು ಗುರುತಿಸುತ್ತಿದ್ದರು. ನೂರಕ್ಕೆ ನೂರು ಅಂಕ ಬರುತ್ತಿತ್ತು. ಮೌಸನ್ನು ಕೈಯಲ್ಲಿ ಹಿಡಿಯದೆಯೇ ನೂರಕ್ಕೆ ನೂರು. ಈಜನ್ನು ಕಪ್ಪು ಹಲಗೆಯ ಮೇಲೆ ಕಲಿಸುವ ಊರು ಬೇರೆಲ್ಲಿಯಾದರೂ ಇದೆಯೇ, ನನಗೆ ಗೊತ್ತಿಲ್ಲ.

ಕಳೆದ ಜೂನ್‌ನಲ್ಲಿ ಶ್ರೀವಿದ್ಯಾ ಬಂದರು. ಮೊದಲ ದಿನ ಮಕ್ಕಳಿಗೆ ಒಂದೇ ಮಾತು ಹೇಳಿದರು: ಮನೆಯಲ್ಲಿ ನಿಜವಾಗಿಯೂ ಬೇಕಾಗಿರುವ ಒಂದು ಕೆಲಸ ತನ್ನಿ, ಅದನ್ನು ಇಲ್ಲಿ ಮಾಡೋಣ. ಒಬ್ಬ ಅಪ್ಪನ ಇಡ್ಲಿ ಅಂಗಡಿಯ ಬೋರ್ಡು ತಂದ. ಇನ್ನೊಬ್ಬಳು ರೈಲ್ವೆ ವರ್ಕ್‌ಶಾಪಿನಲ್ಲಿರುವ ಅಪ್ಪನ ರಜೆ ಅರ್ಜಿ ತಂದಳು. ತನುಶ್ರೀ ಎಂಬ ಹುಡುಗಿ ತಂದದ್ದು ನೀರಿನ ಜಗಳ. ಈ ವರ್ಷದ ನೀರಿನ ಬರ ನಿಮಗೆಲ್ಲ ಗೊತ್ತು. ಅವರ ಬೀದಿಗೆ ದಿನ ಬಿಟ್ಟು ದಿನ ಲಾರಿ ಬರುತ್ತಿತ್ತು, ಮೂವತ್ತೊಂದು ಮನೆ, ಯಾರ ಕೊಡ ಮೊದಲು ಎಂದು ಕೂದಲು ಹಿಡಿಯುವವರೆಗೆ ಹೋಗುತ್ತಿತ್ತು. ತನುಶ್ರೀ ಮೂವತ್ತೊಂದು ಮನೆಗಳ ಸರದಿಯ ಪಟ್ಟಿ ಮಾಡಲು ಕುಳಿತಳು. ಎಲ್ಲೋ ತಪ್ಪಿತು. ಅಭ್ಯಾಸಬಲದಿಂದ ನಾನು ಮೌಸಿಗೆ ಕೈ ಹಾಕಿದೆ.

"ತೊಡಾದೀಂಗ ಸಾರ್, ನಾನೇ ಪಣ್ಣಿಕ್ಕಿರೇನ್," ಎಂದಳು. ಮುಟ್ಟಬೇಡಿ, ನಾನೇ ಮಾಡಿಕೊಳ್ಳುತ್ತೇನೆ ಎಂದು. ಮನೆಯಲ್ಲಿ ಕನ್ನಡ, ನಮ್ಮೊಡನೆ ತಮಿಳು, ಕಂಪ್ಯೂಟರಿನೊಡನೆ ಇಂಗ್ಲಿಷು.

ಶ್ರೀವಿದ್ಯಾ ನಕ್ಕರು. "ಸಾರ್, ಕೊಂಚಂ ಕೈ ಹಿಂದೆ ಕಟ್ಕೊಂಡು ನಿಲ್ರಿ. ನೀವು ಮಾಡಿದ್ರೆ ನಿಮಗೇ ಬರತ್ತೆ, ಅವಳಿಗೆ ಎಪ್ಪಡಿ ಬರಬೇಕು?"

ಇಷ್ಟೇ ಆ ಪಾಠ. ಮುಂದಿನ ವಾರ ತನುಶ್ರೀಯ ತಾಯಿ ಗೇಟಿನ ಹತ್ತಿರ ನನ್ನನ್ನು ನಿಲ್ಲಿಸಿದರು, ಮಂಡ್ಯದ ಕಡೆಯವರು. "ಮೇಷ್ಟ್ರೇ, ಅದೇನ್ ಹಾಳೆ ಮಾಡ್ಕೊಟ್ರೋ, ಗೋಡೆಗ್ ಅಂಟಿಸ್ದೇಟ್ಗೆ ಜಗಳ ನಿಂತೋಯ್ತು ಕಣ್ರೀ," ಎಂದರು. ನಾನು "ಸಂತೋಷ" ಎಂದೆ. ಮಾಡಿಕೊಟ್ಟವನು ನಾನಲ್ಲ ಎಂದು ಹೇಳಲಿಲ್ಲ. ಮಾದರಿ ಪಾಠದ ಆಯ್ಕೆಗೆ ವಿವರ ಕಳಿಸುವಾಗ ಅರ್ಜಿಯಲ್ಲಿ ಕಾಯಂ ಶಿಕ್ಷಕರ ಹೆಸರು ಮಾತ್ರ ಇರಬೇಕಿತ್ತು. ನನ್ನ ಹೆಸರು ಹೋಯಿತು. ಆಗಲೂ ಹೇಳಲಿಲ್ಲ.

ಕಾರ್ಯದರ್ಶಿಗಳು ಚೀಟಿ ಕಳಿಸಿದ್ದಾರೆ. ಐದು ನಿಮಿಷ ಎಂದಿದೆ. ಸಾಕು.

ಈಗ ನನ್ನ ತಂದೆಯ ವಿಷಯ. ಅವರು ಇಲ್ಲಿಯ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್. ಆಯುಧಪೂಜೆಯ ದಿನ ಅಪ್ಪ ಒಂದೊಂದು ಉಪಕರಣವನ್ನೂ ಒರೆಸಿ ಗಂಧ ಹಚ್ಚುತ್ತಿದ್ದರು. ಒಂದನ್ನೂ ಬಿಡುವ ಹಾಗಿಲ್ಲ. ಬಿಟ್ಟರೆ ಅದಕ್ಕೆ ಅವಮಾನ. ಒಮ್ಮೆ ನಾನು ಉಳಿಯ ಮರದ ಹಿಡಿಗೆ ಗಂಧ ಇಟ್ಟೆ. ಕೈಯ ಮೇಲೆ ಒಂದು ಏಟು ಬಿತ್ತು. "ಹಿಡಿಗಲ್ಲವೋ, ಬಾಯಿಗೆ ಹಚ್ಚು, ಅಲಗಿಗೆ. ಕೆಲಸ ಮಾಡೋದು ಬಾಯಿ."

ನಮ್ಮ ಶಾಲೆಯಲ್ಲಿ ಪ್ರತಿ ವರ್ಷ ಆ ಪೂಜೆ ಮಾಡುವವನು ನಾನೇ. ಈ ಅಕ್ಟೋಬರಿನಲ್ಲಿ ಶ್ರೀವಿದ್ಯಾ ಕಂಪ್ಯೂಟರ್ ಕೋಣೆಯ ಕೀಲಿಕೈಯನ್ನು ನನ್ನ ಕೈಗೆ ಕೊಟ್ಟು ಹೇಳಿದರು: "ಮಾನಿಟರ್‌ಗೆ ಒಂದೊಂದು ಬೊಟ್ಟು ಇಟ್ರೆ ಪೋದುಂ ಸಾರ್, ಅಷ್ಟು ಸಾಕು. ಫ್ಲಾಪಿ ಡಬ್ಬ ಬೀರೂಲೇ ಇರಲಿ."

ನಾನು ಡಬ್ಬ ತೆಗೆದೆ. ಮೂವತ್ತೇಳು ಮಕ್ಕಳ ಮೂವತ್ತೇಳು ಫ್ಲಾಪಿ, ಒಂದೊಂದರ ಮೇಲೂ ಹೆಸರು. ಮಕ್ಕಳ ಕೆಲಸವೆಲ್ಲ ಅದರಲ್ಲಿರುವಾಗ ಅದನ್ನು ಬೀರುವಿನಲ್ಲಿ ಬಿಟ್ಟು ಗಾಜಿಗೆ ಪೂಜೆ ಮಾಡುವುದೇ? ಫ್ಲಾಪಿಯ ತುದಿಯಲ್ಲಿ ಲೋಹದ ಪುಟ್ಟ ಬಾಗಿಲಿದೆ. ಸರಿಸಿದರೆ ಒಳಗೆ ಕಪ್ಪಗೆ ಹೊಳೆಯುವ ತೆಳುವಾದ ತಟ್ಟೆ. ಅದರ ಭಾಗಗಳನ್ನು ಮೂರು ವರ್ಷ ಕಲಿಸಿದವನು ನಾನು. ಕೆಲಸ ಮಾಡುವ ಬಾಯಿ ಯಾವುದು ಎಂದು ನನಗೆ ಗೊತ್ತಿತ್ತು. ಮೂವತ್ತೇಳಕ್ಕೂ ಬಾಗಿಲು ಸರಿಸಿ, ಉಂಗುರದ ಬೆರಳಿನಿಂದ ಗಂಧ ಹಚ್ಚಿ, ಕುಂಕುಮ ಇಟ್ಟೆ. ಬಹಳ ಶ್ರದ್ಧೆಯಿಂದ ಮಾಡಿದೆ. ಬಾಗಿಲು ತಾನಾಗಿಯೇ ಮುಚ್ಚಿಕೊಂಡಿತು.

ಎರಡು ದಿನ ಬಿಟ್ಟು ಪಾಠ ನೋಡಲು ಪರಿವೀಕ್ಷಕರು ಬಂದರು. ಮಕ್ಕಳು ಫ್ಲಾಪಿ ಹಾಕಿದರು. ಆರು ಯಂತ್ರಗಳಿಂದಲೂ ಅನ್ನದಲ್ಲಿ ಕಲ್ಲು ಕಡಿದಂಥ ಸದ್ದು ಬಂತು. ಬೇರೆ ಫ್ಲಾಪಿ ಹಾಕಿದರು. ಅದೇ ಸದ್ದು. ನಾಲ್ಕು ತಿಂಗಳ ಕೆಲಸ ಹೋಯಿತು, ಯಂತ್ರಗಳಲ್ಲಿ ಫ್ಲಾಪಿ ಓದುವ ಭಾಗವೂ ಕೆಟ್ಟಿತು. ಶ್ರೀವಿದ್ಯಾ ಒಂದನ್ನು ಹೊರಗೆಳೆದು, ಬಾಗಿಲು ಸರಿಸಿ, ಮೂಗಿನ ಹತ್ತಿರ ಹಿಡಿದರು. ನನ್ನ ಕಡೆ ನೋಡಿದರು. ಆಮೇಲೆ ಮಕ್ಕಳ ಕಡೆ ತಿರುಗಿ, "ಸರಿ, ಮೊದಲಿಂದ ಮಾಡೋಣ. ನೆನಪಿದೆ ಅಲ್ವಾ?" ಎಂದರು. ತನುಶ್ರೀ ಮೂವತ್ತೊಂದು ಮನೆಗಳನ್ನು ಇಪ್ಪತ್ತೆರಡು ನಿಮಿಷದಲ್ಲಿ ಪರದೆಯ ಮೇಲೆ ಮತ್ತೆ ಬರೆದಳು.

ನಾನು ಗೋಡೆಗೆ ಒರಗಿ ನಿಂತಿದ್ದೆ. ಪರಿವೀಕ್ಷಕರ ವರದಿ ಹೀಗಿದೆ: "ಯಂತ್ರಗಳು ಕೈಕೊಟ್ಟಾಗಲೂ ಹಿರಿಯ ಶಿಕ್ಷಕರು ಮಧ್ಯೆ ಬಾರದೆ, ಮಕ್ಕಳಲ್ಲಿ ಪೂರ್ಣ ವಿಶ್ವಾಸವಿಟ್ಟು ಮೌನವಾಗಿ ನಿಂತದ್ದು ಅನುಕರಣೀಯ." ಸಭಿಕರೇ, ಈ ಶಾಲು ಆ ಮೌನಕ್ಕೆ ಸಂದದ್ದು. ನನ್ನ ನಾಲಿಗೆ ಏಳದಿದ್ದ ಕಾರಣ ಬೇರೆಯಿತ್ತು.

ಆ ಮಧ್ಯಾಹ್ನ ಶ್ರೀವಿದ್ಯಾ ಕೇಳಿದರು: "ಸಾರ್, ಇದು ಗಂಧ ತಾನೇ?"

"ಮಕ್ಕಳ ಕೈ, ಏನು ಹೇಳೋಕಾಗುತ್ತೆ," ಎಂದೆ. ಐವತ್ತೆರಡು ವರ್ಷದವನು ಮೂವತ್ತೇಳು ಮಕ್ಕಳ ಹಿಂದೆ ಅಡಗಿದೆ.

ಫ್ಲಾಪಿಗಳು ಹಾಳಾದದ್ದರ ವಿಚಾರಣೆಗೆ ಮೂರು ಜನ ಕುಳಿತೆವು: ಅಧ್ಯಕ್ಷರು, ಕಾರ್ಯದರ್ಶಿಗಳು, ಶಿಕ್ಷಕರ ಪರವಾಗಿ ನಾನು. ಶ್ರೀವಿದ್ಯಾ ಅವರನ್ನು ಕರೆಯಲಿಲ್ಲ. ಭೋಜರಾಜ ಅವರು ಕೇಳಿದರು, "ಪದ್ಮನಾಭ ಸಾರ್, ಒಂದೇ ಒಂದು ಹೇಳಿ. ಆ ರೂಮಿನ ಸಾವಿ ಯಾರ ಹತ್ರ ಇರತ್ತೆ?" ನಾನು, "ಶ್ರೀವಿದ್ಯಾ ಅವರ ಹತ್ತಿರ," ಎಂದೆ. ಕೀಲಿಕೈ ಸಾಮಾನ್ಯವಾಗಿ ಅವರ ಹತ್ತಿರವೇ ಇರುತ್ತದೆ. ನಾನು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಶ್ರೀವಿದ್ಯಾ ಅವರ ನಿರ್ಲಕ್ಷ್ಯ, ಕೆಲಸದಿಂದ ತೆಗೆಯಬೇಕು ಎಂದು ಬರೆದರು. ಮೂರನೆಯ ಸಹಿ ನನ್ನದು.

ಭೋಜರಾಜ ಅವರೇ, ಮೈಕು ಆರಿಸಬೇಡಿ. ಆರಿಸಿದರೂ ನಾನು ಗಣಿತದ ಮೇಷ್ಟ್ರು, ನನ್ನ ಧ್ವನಿ ಕೊನೆಯ ಬೆಂಚಿಗೆ ಕೇಳಿಸುತ್ತದೆ.

ಫ್ಲಾಪಿಗಳಿಗೆ ಗಂಧ ಹಚ್ಚಿದವನು ನಾನು. ಬೇಡ ಎಂದವರು ಶ್ರೀವಿದ್ಯಾ. ಪಾಠ ಅವರದು. ಅವರನ್ನು ತರಗತಿಯಿಂದ ದೂರವಿಟ್ಟಿದ್ದಾರೆ; ಈಗ ಮೂರು ವಾರದಿಂದ ಒಂಬತ್ತನೆಯ ತರಗತಿ ಮತ್ತೆ ನನ್ನದು. ಮಕ್ಕಳು ಮತ್ತೆ ಫ್ಲಾಪಿಯ ಚಿತ್ರ ಬರೆಯುತ್ತಿದ್ದಾರೆ. ತನುಶ್ರೀ ಕಿಟಕಿಯ ಕಡೆ ನೋಡುತ್ತಾ ಕೂರುತ್ತಾಳೆ. ನನ್ನನ್ನು ಕ್ಷಮಿಸಿ ಎಂದು ಇಲ್ಲಿ ಕೇಳುತ್ತಿಲ್ಲ. ಅದನ್ನು ಕೇಳಬೇಕಾದ ವಿಳಾಸ ಬೇರೆ ಇದೆ. ಅವರಿಗೆ ಇಂದಿನ ಆಹ್ವಾನ ಹೋಗಿಲ್ಲ.

ಅಧ್ಯಕ್ಷರೇ, ಸಭೆಗೆ ಮುಂಚೆ ಕಾಫಿ ಕುಡಿಯುವಾಗ ನಾನು ನಿಮಗೊಂದು ಲಕೋಟೆ ಕೊಟ್ಟೆ. ಭಾಷಣದ ಪ್ರತಿಯಿರಬೇಕೆಂದು ನೀವು ಅದನ್ನು ತೆರೆಯದೆ ಜೇಬಿಗೆ ಹಾಕಿಕೊಂಡಿರಿ. ಅದು ಭಾಷಣವಲ್ಲ. ನನ್ನ ಸಹಿಯನ್ನು ಹಿಂತೆಗೆದುಕೊಂಡ ಪತ್ರ. ನಡೆದದ್ದೆಲ್ಲ ತಾರೀಖು ಸಮೇತ ಅದರಲ್ಲಿದೆ. ಮೂವರೂ ಸಹಿ ಹಾಕದ ತೀರ್ಮಾನ ಊರ್ಜಿತವಲ್ಲ ಎಂಬ ನಿಯಮವನ್ನು ಬರೆದವರು ನೀವೇ. ಊಟಕ್ಕೆ ಮುಂಚೆ ಓದಿ.

ಇಷ್ಟು ಹೊತ್ತು ಎದ್ದು ಹೋಗದೆ ಕೇಳಿದ್ದಕ್ಕೆ ನಿಮಗೆಲ್ಲ ವಂದನೆಗಳು. ಶಾಲನ್ನು ಈ ಕುರ್ಚಿಯ ಮೇಲೆ ಬಿಟ್ಟು ಹೋಗುತ್ತಿದ್ದೇನೆ. ನಮಸ್ಕಾರ.