ಇದ್ದಿಲಣ್ಣ ಉಜ್ಜಿದ ಕಡ್ಡಿ

ಸ್ವಲ್ಪ ಮೆಲ್ಲಗೆ ನಡೀರಿ... ಬಾವಿ ಆಚೆ ಕಾಣುತ್ತಲ್ಲ, ಅದೇ ಪ್ರಯೋಗಾಲಯ. ಕೆಳಗಿನ ಸಾಲಲ್ಲಿ ಕೊನೇ ಕಿಟಕಿ ನೋಡಿ. ಒಂದು ಬೆರಳಷ್ಟು ತೆರೆದೇ ಇದೆ. ಈಗ ಅದನ್ನ ಯಾರೂ ಮುಚ್ಚಲ್ಲ.

ನಮ್ಮ ಚಿಕ್ಕಪ್ಪನ ಮಗಳು ಅಲ್ಲೇ ಕೆಲಸ ಮಾಡೋದು. ಮಹಾ ಹಟಮಾರಿ, ದೆವ್ವ ಅಂದ್ರೆ ಕಿಸಕ್ಕನೆ ನಗೋಳು. ಒಂದು ಪುಟ್ಟ ಗಾಜಿನ ಪಾತ್ರೆ, ಅದರಲ್ಲಿ ನೀರೇ ಬೆರೆಸದೆ ದ್ರವವಾಗಿರೋ ಒಂದು ಉಪ್ಪು. ಅದರೊಳಗೆ ಕಾರ್ಬನ್ ಕಡ್ಡಿ ಇಳಿಸಿ, ಆಮ್ಲಜನಕ ಅದರಿಂದ ಎಷ್ಟು ಕರೆಂಟ್ ಹೀರುತ್ತೆ ಅಂತ ಅಳೆಯೋದು. ಅದಕ್ಕೂ ಮೊದಲು ಸಾರಜನಕ ಬಿಟ್ಟು, ಒಳಗೆ ಮೊದಲೇ ಸೇರಿಕೊಂಡಿರೋ ಆಮ್ಲಜನಕವನ್ನೆಲ್ಲ ಓಡಿಸಿ, ಆಮೇಲೆ ಬೇಕಾದಷ್ಟೇ ಬಿಡಬೇಕು.

ಅವಳಿಗಿಂತ ಮುಂಚೆ ಆ ಕೋಣೇಲಿ ಒಬ್ಬರಿದ್ರು. ಕಡ್ಡಿ ತುದಿ ಹೊಳೆಯೋವರೆಗೆ ಒದ್ದೆ ಬಟ್ಟೆ ಮೇಲೆ ಉಜ್ಜಿ ಉಜ್ಜಿ ಕೈಯೆಲ್ಲ ಕಪ್ಪು, ಹಾಗಾಗಿ ಎಲ್ಲರ ಬಾಯಲ್ಲೂ ಇದ್ದಿಲಣ್ಣ. ಕೊಳಕು ಕಡ್ಡಿ ಕಂಡ್ರೆ ಅವರಿಗೆ ಊಟ ಸೇರ್ತಿರಲಿಲ್ಲ. ಒಂದು ರಾತ್ರಿ ಸಾರಜನಕದ ಕೊಳವೆ ಕಳಚಿಕೊಂಡಿತು. ಕಿಟಕಿ ಮುಚ್ಚಿತ್ತು. ಸಾರಜನಕ ಕೋಣೇಲಿದ್ದ ಆಮ್ಲಜನಕವನ್ನೂ ಓಡಿಸಿಬಿಡ್ತು. ಅದಕ್ಕೆ ವಾಸನೆ ಇಲ್ಲ, ಕೆಮ್ಮೂ ಬರಲ್ಲ... ಕೂತಲ್ಲೇ ಹೋಗಿಬಿಟ್ರು, ಪಾಪ.

ಅಂದಿನಿಂದ ಕಿಟಕಿ ಒಂದು ಬೆರಳು ತೆರೆದಿರಬೇಕು ಅಂತ ಕಟ್ಟಪ್ಪಣೆ. ಆದ್ರೆ ಆ ಉಪ್ಪು ಗಾಳಿಯ ತೇವ ಕುಡಿದ್ರೆ ಅಳತೆ ಕೆಡುತ್ತೆ. ಮೂರು ದಿನದ ಕೆಲಸ ಹಾಳಾದ ಮೇಲೆ ನಮ್ಮ ಹುಡುಗಿ ಒಂದು ರಾತ್ರಿ ಕಿಟಕಿ ಮುಚ್ಚಿಬಿಟ್ಳು. ಕಟಕ್.

ಪಾತ್ರೇಲಿ ಸಾರಜನಕದ ಗುಳುಗುಳು ಸದ್ದು. ಅದು ನಿಂತು ಸುಸ್ಸ್... ಅಂತ ಶುರುವಾಗಿದ್ದು ಅವಳ ಗಮನಕ್ಕೇ ಬರಲಿಲ್ಲ. ಕಣ್ಣು ಎಳೀತಿತ್ತು. ಆಗ ಬೆನ್ನ ಹಿಂದೆ... ಸರಕ್... ಸರಕ್... ಒದ್ದೆ ಬಟ್ಟೆ ಮೇಲೆ ಏನೋ ಉಜ್ಜೋ ಸದ್ದು.

"ಯಾರು?"

"ಏಳಮ್ಮಾ," ಪಿಸುದನಿ. "ಹೊರಗೆ ಹೋಗು."

"ಅಳತೆ ನಡೀತಿದೆ..."

"ನಾನೂ ಹಾಗೇ ಅಂದೆ."

ಬಿದ್ದು ಎದ್ದು ಬಾಗಿಲು ದಾಟಿದಳು. ಹೊರಗೆ ಕುಸಿದು ಕೂತು, ಉಸಿರು ಎಳೆದುಕೊಂಡಳು. ಕಾವಲುಗಾರ ಓಡಿಬಂದು ಹೊರಗಿನಿಂದ ಸರಳುಗಳ ನಡುವೆ ಕಿಟಕಿ ಗಾಜು ಒಡೆದ. ನೋಡಿದ್ರೆ ಕೊಳವೆ ಕಳಚಿ ನೇತಾಡ್ತಿದೆ. ಸಾರಜನಕ ನಿಲ್ಲಿಸಿ, ಏನನ್ನೂ ಮುಟ್ಟದೆ ಕೋಣೆಗೆ ಬೀಗ ಹಾಕಿದ. ಇನ್ನೈದು ನಿಮಿಷ ಆಗಿದ್ರೆ... ನಮ್ಮ ಚಿಕ್ಕಮ್ಮನ ಗತಿ ಏನು ಹೇಳಿ?

ಭ್ರಮೆ ಅಂತೀರಾ? ನಾನೂ ಅವಳಿಗೆ ಅದನ್ನೇ ಹೇಳಿ ಬೈಸಿಕೊಂಡೆ. ಆದ್ರೆ ಬೆಳಿಗ್ಗೆ ಕಾವಲುಗಾರ ಬೀಗ ತೆಗೆದಾಗ ನಾನೂ ಜೊತೇಲಿದ್ದೆ. ಗಾಜಿನ ಪಾತ್ರೆಯ ಮುಚ್ಚಳ ಬಿಗಿಯಾಗೇ ಇತ್ತು. ಒಳಗೆ ಕಡ್ಡಿ ಇರಲಿಲ್ಲ. ಅದು ಮೇಜಿನ ಮೇಲಿತ್ತು, ತುದಿ ಫಳಫಳ ಹೊಳೀತಾ... ಪಕ್ಕದಲ್ಲೇ ಉಜ್ಜೋ ಬಟ್ಟೆ.

ಈ ಕೈಯಲ್ಲೇ ಮುಟ್ಟಿ ನೋಡಿದೀನಿ ರೀ. ಬಟ್ಟೆ ಇನ್ನೂ ಒದ್ದೆಯಾಗಿತ್ತು.