ಮೂರನೇ ಏಟು

ಕತೆ ಅಂತ ಕೇಳೋದಾದರೆ ಬೇಡ. ನಡೆದದ್ದು ಅಂತ ಕೇಳೋದಾದರೆ ಹೇಳ್ತೀನಿ.

ಸುಬ್ಬರಾಯಪ್ಪ ನನ್ನ ಷಡ್ಕ, ಊರ ನಾಟಕಕ್ಕೆ ಕತ್ತಿ ಗದೆ ಮಾಡಿಕೊಡೋನು. ಅವನ ಹೆಂಡತಿ ಆವಲಮ್ಮ, ನನ್ನ ಹೆಂಡತಿ, ಅಕ್ಕತಂಗೇರು. ಈಗ ಇಬ್ಬರೂ ಇಲ್ಲ. ಇರಲಿ.

ಹೋದ ವರ್ಷ ಕಾರ್ತಿಕ ಮಾಸ. ರಾತ್ರಿ ಹನ್ನೊಂದು ದಾಟಿತ್ತು. ಸುಬ್ಬರಾಯಪ್ಪ ನಾಟಕದ ತಾಲೀಮು ನೋಡಿಕೊಂಡು ಮನೆಗೆ ಬರ್ತಾ ಇದ್ದ. ಆವನಿಯಿಂದ ಒಳಕ್ಕೆ ಎರಡು ಮೈಲಿ ಅವನ ಊರು. ದಾರಿಯಲ್ಲಿ ಆಲದ ಮರ, ಮರದ ಬುಡಕ್ಕೆ ಒಂದು ಹಳೇ ಬಾವಿ. ಬಾವೀಲಿ ನೀರಿಲ್ಲ. ಗಾಳಿ ಬಿದ್ದರೆ ಒಳಗಿಂದ ಹೂಂ... ಅಂತ ಸದ್ದು ಬರುತ್ತೆ. ಅದಕ್ಕೆ ಯಾರೂ ಹೆದರಲ್ಲ, ದಿನಾ ಕೇಳಿದ್ದೇ.

ಪಕ್ಕದಲ್ಲಿ ವೇಣುಗೋಪಾಲ ನಡೀತಾ ಇದ್ದ. ನಾಟಕದಲ್ಲಿ ಗದೆ ಹಿಡಿಯೋ ಪಾತ್ರ ಎರಡು. ಒಂದು ಇವನದು, ಇನ್ನೊಂದು ಉದಯಕುಮಾರನದು. ಕೊನೇ ಸೀನಿನಲ್ಲಿ ಇಬ್ಬರಿಗೂ ಯುದ್ಧ. ಸ್ಟೇಜಿನ ಕೆಳಗೂ ಅವರಿಗೆ ಆಗಲ್ಲ. ಉದಯಕುಮಾರ ಊರಿನ ಹಾಲಿನ ಡೈರಿ ಅಧ್ಯಕ್ಷ. ಹಾಲಿಗೆ ನೀರು ಸೇರಿಸ್ತಾನೆ ಅಂತ ವೇಣುಗೋಪಾಲ ಮೇಲಕ್ಕೆ ಅರ್ಜಿ ಬರೆದಿದ್ದ. ಅದರ ವಿಚಾರಣೆ ಇನ್ನೂ ನಡೀತಾ ಇತ್ತು.

ಆಲದ ಮರದ ಕೆಳಗೆ ಬಂದಾಗ ವೇಣುಗೋಪಾಲ ದನಿ ಇಳಿಸಿದ.

"ಅಣ್ಣ... ನನ್ನ ಗದೆಗೆ ಸ್ವಲ್ಪ ತೂಕ ಹಾಕು."

"ಯಾಕೋ?"

"ಹಗುರ ಆಯ್ತು. ಬಲೂನು ಹಿಡಿದಂಗೆ ಆಗುತ್ತೆ."

"ಬಲೂನೇ ಕಣೋ ಅದು. ನಾಟಕ ಅಲ್ವಾ?"

"ಒಂದೇ ಒಂದು ಏಟು ಅಣ್ಣ. ತೊಡೆ ಮೇಲೆ. ಹಾಲು ಯಾವುದು ನೀರು ಯಾವುದು ಅಂತ ಅವನೇ ಹೇಳ್ತಾನೆ."

ಹೇಳಿ ನಕ್ಕ. ಸುಬ್ಬರಾಯಪ್ಪ ನಗಲಿಲ್ಲ.

"ನಾನು ಮಾಡಿದ ಸಾಮಾನಿನಿಂದ ಇಪ್ಪತ್ತೆರಡು ವರ್ಷದಲ್ಲಿ ಒಬ್ಬನಿಗೂ ಬಾವು ಬಂದಿಲ್ಲ. ಮುಚ್ಕೊಂಡು ಮನೆಗೆ ಹೋಗಲೇ."

ವೇಣುಗೋಪಾಲ ಹೋದ. ಆದರೆ ಇವನ ತಲೇಲಿ ಹುಳ ಬಿಟ್ಟು ಹೋದ.

ಸುಬ್ಬರಾಯಪ್ಪ ಆಯುಧ ಮಾಡೋ ರೀತಿ ಹೇಳ್ತೀನಿ, ಆಗ ತಿಳಿಯುತ್ತೆ. ಕತ್ತಿಗೆ ಹಗುರದ ಬೂರುಗದ ಹಲಗೆ, ಮೇಲೆ ಮಿಂಚೋ ಬೇಗಡೆ ಕಾಗದ. ಗದೆಗೆ ಪ್ಲಾಸ್ಟಿಕ್ ಪೈಪು. ತುದಿಯ ಬುರುಡೆಗೆ ಹಳೇ ಪೇಪರು. ಒಂದು ಮಡಕೆ ಮೇಲೆ ಹುಣಸೆ ಬೀಜದ ಅಂಟು ಹಚ್ಚಿ ಹಚ್ಚಿ ಪೇಪರು ಸುತ್ತೋದು. ಒಣಗಿದ ಮೇಲೆ ಒಳಗಿನ ಮಡಕೆ ಒಡೆದು ತೆಗೆಯೋದು. ಆಮೇಲೆ ಬಂಗಾರದ ಬಣ್ಣ. ನೋಡೋಕೆ ಮಣ ತೂಕ. ಎತ್ತಿದರೆ ಸೋರೆಬುರುಡೆ.

ಅಂಟು ಕಾಯಿಸ್ತಿದ್ದವಳು ಆವಲಮ್ಮ. ಸಾಮಾನು ಮನೆಯಿಂದ ಆಚೆ ಹೋಗೋ ಮುಂಚೆ ಅವಳದೊಂದು ಪದ್ಧತಿ ಇತ್ತು. ಒಂದೊಂದನ್ನೂ ಎರಡು ಕೈಲಿ ಎತ್ತಿ ತನ್ನ ಹಣೆಗೆ ತಟ್ಟಿಕೊಳ್ಳೋಳು. ಮೂರು ಸಾರಿ. ಬಾಯಲ್ಲೇ ತೆಲುಗಲ್ಲಿ ಎಣಿಸೋಳು. ಒಕಟಿ... ರೆಂಡು... ಮೂಡು. ನೋವಾದರೆ ಆ ಸಾಮಾನು ಒಲೆಗೆ. ಆಗದಿದ್ದರೆ ನಾಟಕಕ್ಕೆ.

"ಯಾರೋ ತಾಯಿ ಮಗನ ತಲೆ ಮೇಲೆ ಬೀಳೋದು. ಮೊದಲು ನನ್ನ ತಲೆ ಮೇಲೆ ಬೀಳಲಿ" ಅನ್ನೋಳು.

ಅವಳು ಹಣೆಗೆ ಮೇಣ ಹಚ್ಚಿ ಅದರ ಮೇಲೆ ಕುಂಕುಮ ಇಡ್ತಿದ್ದಳು, ಹಳೇ ಕಾಲದವರ ಥರ. ತಟ್ಟಿದ ಜಾಗಕ್ಕೆ ಕೆಂಪು ಅಂಟೋದು. ಸೆರಗಲ್ಲಿ ಒರೆಸಿ ಕೊಡೋಳು.

ಯುಗಾದಿ ಆದ ಎಂಟು ದಿನಕ್ಕೆ ಅವಳು ಹೋದಳು. ತಲೆನೋವು ಅಂದಳು, ಮಲಗಿದಳು. ಕೋಲಾರದ ಆಸ್ಪತ್ರೇಲಿ ತಲೆ ಒಳಗೆ ನರ ಒಡೆದಿದೆ ಅಂದರು. ಅಷ್ಟೇ. ಆದರೆ ಸುಬ್ಬರಾಯಪ್ಪನಿಗೆ ಅಷ್ಟೇ ಅಲ್ಲ. ಇಪ್ಪತ್ತೆರಡು ವರ್ಷ... ಎಷ್ಟು ಗದೆ... ಒಂದೊಂದಕ್ಕೆ ತಲೆಗೆ ಮೂರು ಏಟು... ಇದನ್ನ ಅವನು ಯಾರ ಹತ್ತಿರಾನೂ ಬಾಯಿ ಬಿಟ್ಟಿರಲಿಲ್ಲ.

ಆ ರಾತ್ರಿ ಮನೆ ಮುಂದೆ ಬಂದ. ಬೀಗದ ಕೈ ಹುಡುಕ್ತಾ ನಿಂತ.

ಹಿತ್ತಲ ಷೆಡ್ಡಿನಿಂದ ಸದ್ದು.

ಬೊದ್... ಬೊದ್... ಬೊದ್.

ಮೂರು ಸಾರಿ. ಮೆತ್ತಗೆ. ತಡೆದು ಇನ್ನೂ ಮೂರು. ಟೊಳ್ಳು ಸದ್ದು. ಅದು ಗದೆಯ ಸದ್ದು ಅಂತ ಅವನಿಗೆ ಹೇಳಿಕೊಡಬೇಕಾ?

ಷೆಡ್ಡಿಗೆ ಓಡಿದ. ಹೊರಗಿನ ಬೀಗ ಹಾಕಿದ ಹಾಗೇ ಇತ್ತು. ತೆಗೆದ. ಟಾರ್ಚು ಬಿಟ್ಟ. ಯಾರೂ ಇಲ್ಲ. ಮೊಳೆಗೆ ನೇತು ಹಾಕಿದ ಎರಡು ಗದೆ. ವೇಣುಗೋಪಾಲನದು ಕೆಂಪು ಹಿಡಿಕೆ, ಉದಯಕುಮಾರನದು ಹಸಿರು ಹಿಡಿಕೆ. ಎರಡರ ಬುರುಡೆ ಮೇಲೂ ಸಣ್ಣಗೆ ಕುಂಕುಮ.

ಅವನಿಗೆ ದೆವ್ವ ಅಂತ ಅನ್ನಿಸಲಿಲ್ಲ. ವೇಣುಗೋಪಾಲ ಅನ್ನಿಸಿತು. ಹೊಲದ ಮೇಲೆ ಅಡ್ಡ ಬಂದಿರಬೇಕು. ಹಿಂದಿನ ತಗಡು ಎತ್ತಿ ನುಗ್ಗಿರಬೇಕು. ಆವಲಮ್ಮನ ಪದ್ಧತಿ ನಾಟಕದವರಿಗೆಲ್ಲ ಗೊತ್ತು. ಹೆಂಡತಿ ಸತ್ತವನನ್ನ ಹೆದರಿಸಿ ಕೆಲಸ ಸಾಧಿಸೋಣ ಅಂತ ನೋಡ್ತಾನೆ.

ತಗಡು ಒಂದೊಂದೇ ಅಲ್ಲಾಡಿಸಿ ನೋಡಿದ. ಎಲ್ಲಾ ಬಿಗಿಯಾಗಿತ್ತು. ಆದರೂ ಬೆಳಿಗ್ಗೆ ಮುಳಬಾಗಿಲಿಗೆ ಹೋಗಿ ಹೊಸ ಬೀಗ ತಂದ.

ಅವತ್ತಿನಿಂದ ವೇಣುಗೋಪಾಲನ ಮೇಲೇ ಕಣ್ಣು. ತಾಲೀಮಿನಲ್ಲಿ ಕೆಂಪು ಹಿಡಿಕೆ ಗದೆ ಅವನ ಕೈಗೆ ಕೊಡೋದು, ಮುಗಿದ ಕೂಡಲೇ ಕಿತ್ಕೊಳ್ಳೋದು, ಅಲ್ಲೇ ತೂಗಿ ನೋಡೋದು.

"ಏನಣ್ಣ, ಕಳ್ಳನ ಥರ ನೋಡ್ತೀಯ?" ಅಂದ ವೇಣುಗೋಪಾಲ.

"ಥರ ಯಾಕೆ?" ಅಂದ ಸುಬ್ಬರಾಯಪ್ಪ.

ಉದಯಕುಮಾರ ಹಾಗಲ್ಲ. ಮೆತ್ತಗಿನ ಮನುಷ್ಯ. ಆವಲಮ್ಮ ಹೋದ ಈ ಎಂಟು ತಿಂಗಳಲ್ಲಿ ಇವನಿಗೆ ಊಟ ಆಯ್ತಾ ಅಂತ ದಿನಾ ಕೇಳಿದವನು ಅವನೊಬ್ಬನೇ. ನಾಟಕಕ್ಕೆ ಮೂರು ದಿನ ಇರುವಾಗ ಬಂದು ಕೇಳಿದ.

"ಮಾವ, ನನ್ನ ಗದೆ ಮನೆಗೆ ತಗೊಂಡು ಹೋಗ್ಲಾ? ಕನ್ನಡಿ ಮುಂದೆ ಸ್ವಲ್ಪ ತಿರುಗಿಸಿ ನೋಡ್ತೀನಿ. ಕೈ ಇನ್ನೂ ಕೂತಿಲ್ಲ."

"ತಗೊಂಡು ಹೋಗಪ್ಪ. ಅದಕ್ಕೇನು."

ಮಾರನೇ ದಿನ ಸಾಯಂಕಾಲ ಸುಬ್ಬರಾಯಪ್ಪ ಕತ್ತಿಗಳಿಗೆ ಬೇಗಡೆ ಅಂಟಿಸ್ತಾ ಕೂತಿದ್ದ. ಕೈ ತುಂಬಾ ಅಂಟು. ಉದಯಕುಮಾರ ಬಂದ.

"ಏಳಬೇಡಿ ಮಾವ. ನಾನೇ ಮೊಳೆಗೆ ಹಾಕ್ತೀನಿ." ಹಾಕಿದ. ಟೀ ಕೂಡ ಕುಡೀದೆ ಹೋದ.

ನಾಟಕದ ಹಿಂದಿನ ರಾತ್ರಿ. ಸುಬ್ಬರಾಯಪ್ಪ ಮಲಗಲಿಲ್ಲ. ವೇಣುಗೋಪಾಲ ಬರೋದಾದರೆ ಇವತ್ತೇ ಬರಬೇಕು. ಷೆಡ್ಡಿನ ಬಾಗಿಲಿಗೆ ಬೆನ್ನು ಕೊಟ್ಟು ಕೂತ. ಕೈಲಿ ಒಂದು ಮಚ್ಚು, ನಿಜವಾದದ್ದು. ಬೀಗ ಅವನ ತಲೆ ಪಕ್ಕಾನೇ ನೇತಾಡ್ತಾ ಇತ್ತು.

ಒಂದು ಗಂಟೆ ಇರಬಹುದು. ನಾಯಿ ಬೊಗಳೋದು ನಿಂತಿತ್ತು.

ಬೆನ್ನ ಹಿಂದೆ... ಬಾಗಿಲಿನ ಆ ಕಡೆ...

ಟಪ್... ಟಪ್... ಟಪ್. ಅದು ಕತ್ತಿ. ಬೂರುಗದ ಹಲಗೆ.

ಟಪ್... ಟಪ್... ಟಪ್. ಇನ್ನೊಂದು ಕತ್ತಿ.

ಅವನಿಗೆ ಎದ್ದೇಳೋಕೆ ಆಗಲಿಲ್ಲ. ಯಾಕಂದರೆ ಈ ಸಲ ಸದ್ದಿನ ಜೊತೆ ಎಣಿಕೆನೂ ಇತ್ತು. ಉಸಿರಲ್ಲೇ. ನೀರು ಇಂಗೋ ಅಷ್ಟು ಸಣ್ಣಗೆ.

ಒಕಟಿ... ಬೊದ್. ರೆಂಡು... ಬೊದ್. ಮೂಡು... ಬೊದ್.

ಅದು ಕೆಂಪು ಹಿಡಿಕೆ ಗದೆ. ಸರಿಯಾಗಿದೆ. ಅಷ್ಟು ದಿನ ಕಾದ ಗದೆ ಸರಿಯಾಗಿದೆ. ಅವನ ಎದೆ ಭಾರ ಸ್ವಲ್ಪ ಇಳೀತು.

ಮೊಳೆಯಿಂದ ಇನ್ನೊಂದು ತೆಗೆದ ಸದ್ದು.

ಒಕಟಿ...

ಗಡ್.

ಟೊಳ್ಳಲ್ಲ. ತೆಂಗಿನಕಾಯಿ ಕಲ್ಲಿಗೆ ತಾಗಿದ ಹಾಗೆ. ಹಿಂದೇನೇ ಸ್ಸ್... ಅಂತ ಒಂದು ಉಸಿರು. ಬಿಸಿ ಬಾಣಲೆ ಕೈಗೆ ತಗುಲಿದರೆ ಆವಲಮ್ಮ ಹಾಗೇ ಎಳೆಯೋಳು.

ರೆಂಡು...

ಗಡ್.

ಸುಬ್ಬರಾಯಪ್ಪ ಬಾಗಿಲಿಗೆ ಬಾಯಿಟ್ಟ. ಕೂಗಿದ್ದು ಅಂತಾನೆ ಅವನು. ಬಂದಿದ್ದು ಪಿಸುಮಾತು.

"ಬೇಡ ಕಣೇ... ಇನ್ನೊಂದು ಬೇಡ. ಗೊತ್ತಾಯ್ತು ನನಗೆ... ಬಿಡೇ."

ನಿಂತಿತು.

ಬಾವಿ ಕಡೆಯಿಂದ ಹೂಂ... ಅಂತ ಗಾಳಿ. ಮೂರನೇ ಏಟು ಬರಲಿಲ್ಲ.

ಬೀಗ ತೆಗೆದು ಟಾರ್ಚು ಬಿಟ್ಟ. ಒಳಗೆ ಯಾರೂ ಇಲ್ಲ. ಎಲ್ಲಾ ಮೊಳೆ ಮೇಲೇ ಇತ್ತು. ಹಸಿರು ಹಿಡಿಕೆ ಗದೆ ಮಾತ್ರ ಸಣ್ಣಗೆ ತೂಗ್ತಾ ಇತ್ತು. ಎತ್ತಿದ. ಕೈ ಕೆಳಕ್ಕೆ ಹೋಯ್ತು. ಬುರುಡೆ ಮೇಲೆ ಎರಡು ಕೆಂಪು ಗುರುತು, ಪಕ್ಕಪಕ್ಕಕ್ಕೆ.

ಮಚ್ಚಿನಿಂದ ಸೀಳಿದ. ಒಳಗೆ ಚಿಂದಿ ಬಟ್ಟೆ. ಬಟ್ಟೆ ನಡುವೆ ಟ್ರ್ಯಾಕ್ಟರಿನ ಹಳೇ ಬೇರಿಂಗು. ಅಲ್ಲಾಡದ ಹಾಗೆ ಒತ್ತಿ ಒತ್ತಿ ತುಂಬಿದ್ದರು. ಮೇಲೆ ಪೇಪರು, ಬಂಗಾರದ ಬಣ್ಣ. ಬಣ್ಣ ಒಂದು ಚೂರು ಬೇರೆ. ಮೈದಾ ಅಂಟು. ಅವನ ಮನೇಲಿ ಮೈದಾ ಅಂಟು ಬಳಸಿದ್ದೇ ಇಲ್ಲ.

ಅಲ್ಲೇ ಕೂತ. ಉದಯಕುಮಾರ. ಊಟ ಆಯ್ತಾ ಮಾವ ಅಂತ ಕೇಳಿದವನು.

ಊರಲ್ಲಿ ಹೇಳೋಣ ಅಂದರೆ ಯಾರು ನಂಬ್ತಾರೆ? ಗದೆ ಮಾಡಿದವನು ಯಾರು? ಸುಬ್ಬರಾಯಪ್ಪ. ಬೀಗದ ಕೈ ಯಾರ ಹತ್ತಿರ? ಸುಬ್ಬರಾಯಪ್ಪನ ಹತ್ತಿರ. ನಾಳೆ ಸ್ಟೇಜ್ ಮೇಲೆ ವೇಣುಗೋಪಾಲನ ತಲೆ ಒಡೆದಿದ್ದರೆ ಪೊಲೀಸು ಯಾರ ಮನೆಗೆ ಬರ್ತಿತ್ತು? ಆಗ ಉದಯಕುಮಾರ ಅಳ್ತಾ ಹೇಳ್ತಿದ್ದ, ಪಾಪ ಮಾವನಿಗೆ ಅತ್ತೆ ಹೋದ ಮೇಲೆ ಬುದ್ಧಿ ಸ್ಥಿಮಿತ ಇಲ್ಲ ಅಂತ.

ಬೇರಿಂಗು ಬಾವಿಗೆ ಎಸೆದ. ಬೆಳಗಾಗೋ ಮುಂಚೆ ಒಲೆ ಹಚ್ಚಿ ಅಂಟು ಕಾಯಿಸಿದ. ಇಡೀ ದಿನ ಹೊಸ ಗದೆ ಮಾಡಿದ. ಬಿಸಿಲಿಗೆ ಇಟ್ಟ, ಬೂದಿ ಬಿಸಿಗೆ ಹಿಡಿದ, ಬಣ್ಣ ಹೊಡೆದ, ಹಸಿರು ಹಿಡಿಕೆ ಸುತ್ತಿದ. ದೀಪ ಹಚ್ಚೋ ಹೊತ್ತಿಗೆ ಮುಗೀತು. ಆಮೇಲೆ ಎರಡು ಕೈಲಿ ಎತ್ತಿ ತನ್ನ ಹಣೆಗೆ ತಟ್ಟಿಕೊಂಡ.

ಒಕಟಿ. ರೆಂಡು. ಮೂಡು.

ನೋವಿಲ್ಲ. ಇನ್ನು ಮೇಲೆ ಈ ಕೆಲಸ ನನ್ನದು, ನೀನು ತಟ್ಟಬೇಡ ಅಂತ ಖಾಲಿ ಷೆಡ್ಡಿಗೆ ಹೇಳಿದ. ಗದೆನ ಟವಲಿನಲ್ಲಿ ಸುತ್ತಿ ತೊಡೆ ಮೇಲೆ ಇಟ್ಟುಕೊಂಡ. ಕೊನೇ ಸೀನಿನವರೆಗೂ ಯಾರ ಕೈಗೂ ಕೊಡಲಿಲ್ಲ.

ನಾಟಕ ಸ್ಕೂಲ್ ಮೈದಾನದಲ್ಲಿ. ಗದಾಯುದ್ಧ ಬಂದಾಗ ಬೆಳಗಿನ ಜಾವ. ಜನ ಕಂಬಳಿ ಹೊದ್ದು ಅರ್ಧ ನಿದ್ದೇಲಿ. ಸುಬ್ಬರಾಯಪ್ಪ ಪರದೆ ಪಕ್ಕ ನಿಂತು ಗದೆ ಕೊಟ್ಟ. ಉದಯಕುಮಾರ ಭಾರದ ಸಾಮಾನು ಎತ್ತೋ ಹಾಗೆ ತೋಳು ಬಿಗಿ ಮಾಡಿ ಎತ್ತಿದ. ಗದೆ ಸರ್‍ರಂತ ಮೇಲೆ ಹೋಯ್ತು. ಅವನ ಕೈ ಅಲ್ಲೇ ನಿಂತಿತು. ತಿರುಗಿ ಸುಬ್ಬರಾಯಪ್ಪನ್ನ ನೋಡಿದ. ಹಾರ್ಮೋನಿಯಮ್ಮಿನವನು ಒಂದು ಸುತ್ತು ಜಾಸ್ತಿ ಬಾರಿಸಬೇಕಾಯ್ತು.

ಆಮೇಲೆ ಹೊಡೆದ. ಬೊದ್. ಬೊದ್. ಬೊದ್. ಒಂದೊಂದೂ ವೇಣುಗೋಪಾಲನ ತಲೆಗೇ.

ಪರದೆ ಬಿದ್ದ ಮೇಲೆ ಟೀ ಅಂಗಡಿ ಹತ್ತಿರ ವೇಣುಗೋಪಾಲ ಬೆವರು ಒರೆಸ್ತಾ ಬಂದ. ಕಿರೀಟ ನೆಗ್ಗಿತ್ತು.

"ಅಣ್ಣ, ಹಗುರ ಇದ್ದದ್ದೇ ಒಳ್ಳೇದಾಯ್ತು. ಆ ನನ್ಮಗ ಇವತ್ತು ಕೈ ಬಿಟ್ಟು ಹೊಡೆದ ನೋಡು."

ಸುಬ್ಬರಾಯಪ್ಪ ಅವನ ಹೆಗಲ ಮೇಲೆ ಕೈ ಇಟ್ಟ.

ಟೀ ಕೊಡೋಕೆ ಬಂದ ಚಿಕ್ಕಗಂಗಮ್ಮ ಲೋಟ ಹಿಡಿದು ಹಾಗೇ ನಿಂತಳು.

"ಏನಣ್ಣ... ಆವಲಕ್ಕ ಹೋದ ಮೇಲೆ ಹಣೆಗೆ ಏನೂ ಇಟ್ಟೋನಲ್ಲ. ಇವತ್ತು ಯಾರು ಇಟ್ಟಿದ್ದು?"

ಅವನು ಹಣೆ ಮುಟ್ಟಿಕೊಂಡ. ಮೇಕಪ್ ರೂಮಿನ ಕಡೆ ಅವನು ತಲೆ ಹಾಕಿಯೇ ಇರಲಿಲ್ಲ. ಸ್ಟೇಜಿನಿಂದ ಬಂದ ಗದೆ ತಿರುಗಿಸಿ ತಿರುಗಿಸಿ ನೋಡಿದ. ಬರೀ ಬಂಗಾರದ ಬಣ್ಣ. ಎಲ್ಲೂ ಕೆಂಪಿಲ್ಲ.

ನಂಬೋದು ಬಿಡೋದು ನಿಮಗೆ ಬಿಟ್ಟಿದ್ದು. ನಾನು ಅಲ್ಲೇ ಇದ್ದೆ, ಅವನ ಎದುರಿಗೇ ಬೆಂಚಿನ ಮೇಲೆ. ನನ್ನ ಟವಲೇ ಅವನಿಗೆ ಕೊಟ್ಟಿದ್ದು ಒರೆಸಿಕೋ ಅಂತ. ಕುಂಕುಮ ಟವಲಿಗೆ ಬಂತು. ಕೆಳಗಿನ ಮೇಣ ಹಣೆಯಲ್ಲೇ ಉಳೀತು.